ಮೇಲಿನ ಮನೆಯ ಬಾಡಿಗೆ ಏರಿಸಿದ್ದು

ಬಾಡಿಗೆ ಏರಿಸುವ ವಿಷಯಕ್ಕೆ ಕೈ ಹಾಕಿದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ತಿಪಟೂರಿನಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾನೂ ನಮ್ಮನೆಯವರೂ. ಮೇಲೆ ಬಾಡಿಗೆಗೆ, ಬಸ್ ಸ್ಟ್ಯಾಂಡ್ ಹತ್ತಿರ ಬೈಕ್ ರಿಪೇರಿ ಮಾಡುವ ಭಾಯಿ, ಅವರ ಹೆಂಡತಿ, ಮಕ್ಕಳು. ಮನೆ ಕಂದಾಯ ಏರಿತು, ಸಿಮೆಂಟ್ ಏರಿತು, ನೀರಿನ ಮೋಟರ್ ಒಂದು ಸಲ ಸುಟ್ಟರೆ ನಮ್ಮ ಹೊಟ್ಟೆಯೂ ಸುಡುತ್ತದೆ. ಏರದೆ ಕೂತಿದ್ದು ಬಾಡಿಗೆ ಒಂದೇ.

ಕೇಳಲು ಹೋದದ್ದು

ಒಂದು ಸಂಜೆ ಧೈರ್ಯ ಮಾಡಿ ಮೆಟ್ಟಿಲು ಹತ್ತಿದೆ. "ಭಾಯಿ, ಎಲ್ಲಾ ಜಾಸ್ತಿ ಆಗೋಯ್ತು ಕಣ್ರೀ" ಅಂದೆ.

"ಅಯ್ಯೋ, ಅದನ್ನೇನ್ ಕೇಳ್ತೀರಾ ಅಕ್ಕಾ!" ಅಂತ ಭಾಯಿ ಶುರು ಮಾಡಿದರು. ಗ್ಯಾಸು, ಅಡುಗೆ ಎಣ್ಣೆ, ಸ್ಕೂಲ್ ಫೀಸು, ಸ್ಪೇರ್ ಪಾರ್ಟು. ನಾನು ಹೇಳಬೇಕು ಅಂತ ಜೋಡಿಸಿಕೊಂಡು ಹೋಗಿದ್ದನ್ನೆಲ್ಲ ಅವರೇ ನನಗಿಂತ ಚೆನ್ನಾಗಿ ಹೇಳಿಬಿಟ್ಟರು. ಅವರ ಹೆಂಡತಿ ಟೀ ಕೊಟ್ಟು, ಅಡುಗೆಮನೆ ಗೋಡೆ ತೋರಿಸಿ, "ನೋಡಿ ಅಕ್ಕಾ, ಹೆಂಗೆ ಕಪ್ಪಾಗಿದೆ" ಅಂದರು.

ಕೆಳಗೆ ಬಂದಾಗ ನಮ್ಮನೆಯವರು ಕೇಳಿದರು, "ಒಪ್ಪಿದ್ರಾ?"

"ಒಪ್ಪಿದ್ದು ನಾನು. ಅಡುಗೆಮನೆಗೆ ಪೇಂಟ್ ಹೊಡ್ಸಕ್ಕೆ."

ಪ್ಲಂಬರ್ ಲೆಕ್ಕ

ಆ ವಾರವೇ ಮೇಲಿನ ಪೈಪ್ ಒಡೆಯಿತು. ಪ್ಲಂಬರ್ ಹೇಳಿದ ಚಾರ್ಜ್ ಕೇಳಿ, "ಇದೇನಪ್ಪಾ, ಇಷ್ಟೊಂದು ಏರ್ಸಿದೀಯ?" ಅಂದೆ.

"ಏನ್ ಮಾಡದಮ್ಮಾ, ನಮ್ ಮನೆ ಓನರ್ ಬಾಡಿಗೆ ಏರ್ಸುದ್ರು."

"ಅವರ್ಯಾಕೆ ಏರ್ಸುದ್ರು?"

"ಮನೆ ರಿಪೇರಿ ಖರ್ಚು ಜಾಸ್ತಿ ಆಯ್ತಂತೆ. ಪ್ಲಂಬರ್‌ಗಳು ಸಿಕ್ಕಾಪಟ್ಟೆ ಕೇಳ್ತಾರಂತೆ."

"ಅವರ ಮನೆ ಪ್ಲಂಬರ್ ಯಾರು?"

ಅವನು ಪೈಪು ಬಿಗಿಮಾಡುತ್ತ ಹೇಳಿದ: "ನಾನೇ."

ಭಾವನ ಸಲಹೆ

ತಲೆ ಕೆಟ್ಟು ದಂಡಿನಶಿವರದ ನಮ್ಮ ಭಾವನನ್ನು ಕೇಳಿದೆ. ಅವರದು ತೆಂಗಿನ ತೋಟ. "ಕೊಬ್ಬರಿ ರೇಟ್ ಏರೈತೆ, ಊರಲ್ಲಿ ದುಡ್ಡು ಓಡಾಡ್ತೈತೆ. ಈಗ್ಲೇ ಏರ್ಸು ಕಣಮ್ಮ" ಅಂದರು. ನಾನು ಹಿಂದೆ ಮುಂದೆ ನೋಡುವಷ್ಟರಲ್ಲಿ ರೇಟು ಬಿದ್ದುಹೋಯಿತು. "ಈಗ?" ಅಂದೆ.

"ಈಗ್ಲೂ ಏರ್ಸು. ರೇಟ್ ಬಿದ್ರೆ ನಮಗೆ ಕಷ್ಟ ಅಲ್ವಾ?"

"ಹಂಗಾದ್ರೆ ಸುಮ್ನಿರೋದು ಯಾವಾಗ ಭಾವ?"

"ರೇಟು ನಿಂತಾಗ."

ನಾನು ಹುಟ್ಟಿದ್ದು, ಬೆಳೆದಿದ್ದು, ಮದುವೆಯಾಗಿದ್ದು ಎಲ್ಲ ಈ ತಿಪಟೂರಲ್ಲೇ. ಕೊಬ್ಬರಿ ರೇಟು ನಿಂತಿದ್ದನ್ನು ಮಾತ್ರ ಇವತ್ತಿನವರೆಗೆ ನೋಡಿಲ್ಲ.

ರೇಟು ತಿಳಿದುಕೊಂಡು ಬಂದದ್ದು

ಕೊನೆಗೆ ನಮ್ಮನೆಯವರೇ ದಾರಿ ತೋರಿಸಿದರು. "ಹಿಂದಿನ ಬೀದೀಲಿ ಟು ಲೆಟ್ ಬೋರ್ಡ್ ಹಾಕವ್ರೆ. ಬಾಡಿಗೆಗೆ ಬಂದೋಳ ಥರ ಹೋಗಿ ರೇಟ್ ತಿಳ್ಕೊಂಡ್ ಬಾ. ಅಷ್ಟೇ ನಾವೂ ಕೇಳೋಣ."

ಹೋದೆ. ಓನರ್ ವಯಸ್ಸಾದವರು, ಮರ್ಯಾದಸ್ಥರು. ಬಾಡಿಗೆ ಹೇಳಿದರು. ಕೇಳಿ ಸುಮ್ಮನೆ ಬಂದಿದ್ದರೆ ಆಗಿತ್ತು. ಆದರೆ ಯಾರೇ ರೇಟು ಹೇಳಲಿ, ನನ್ನ ಬಾಯಿ ತಾನಾಗಿಯೇ ಚೌಕಾಸಿಗೆ ಇಳಿಯುತ್ತದೆ.

"ಬಚ್ಚಲಲ್ಲಿ ತೇವ ಇದ್ಯಲ್ಲಾ ಸಾರ್."

"ಸರಿ ಮಾಡುಸ್ತೀನಿ ಕಣಮ್ಮ. ಆದ್ರೆ ಕಂದಾಯ ಏರಿದೆ, ಮೋಟರ್ ಖರ್ಚು..."

"ಅದು ನಿಮ್ಮ ಖರ್ಚು! ಬಾಡಿಗೆಯೋರ ತಲೆ ಮೇಲೆ ಹಾಕುದ್ರೆ ಹೆಂಗೆ ಸಾರ್? ನಾವೆಲ್ಲಿಗೆ ಹೋಗ್ಬೇಕು?"

ಹೇಳುತ್ತ ಸೆರಗಿನಿಂದ ಕಣ್ಣೂ ಒರೆಸಿಕೊಂಡೆ. ಪಾಪ, ಅವರು ಇಳಿದರು. ಇನ್ನೂ ಇಳಿಸಿದೆ. ಕೊನೆಗೆ ಆ ಓನರ್, ಭಾಯಿ ನಮಗೆ ಕೊಡುವ ಬಾಡಿಗೆಗಿಂತಲೂ ಕಮ್ಮಿಗೆ ಬಂದು ನಿಂತರು. ಇಷ್ಟು ಸಸ್ತಾ ಮನೆ ಬೇರೆಯವರ ಪಾಲಾದರೆ ಅಂತ ಹೆದರಿ, ತರಕಾರಿಗೆ ತಂದಿದ್ದ ದುಡ್ಡನ್ನೇ ಅಡ್ವಾನ್ಸ್ ಕೊಟ್ಟುಬಿಟ್ಟೆ!

ಮನೆಗೆ ಬಂದು ಹೇಳಿದಾಗ ನಮ್ಮನೆಯವರು ಕೂಗಿದರು, "ಸ್ವಂತ ಮನೆ ಇಟ್ಕೊಂಡು ಬಾಡಿಗೆ ಮನೆ ಹಿಡ್ಕೊಂಡ್ ಬಂದಿದೀಯಲ್ಲೇ! ಹೋಗಿ ದುಡ್ಡು ಈಸ್ಕೊಂಡ್ ಬಾ!" ಹೋದರೆ ಆ ಹಿರಿಯರು, "ಮಾತು ಅಂದ್ರೆ ಮಾತು. ನೀವು ಬರಲ್ಲ ಅಂದ್ರೆ ಅದೇ ಬಾಡಿಗೆಗೆ ಬೇರೆ ಯಾರನ್ನಾದ್ರೂ ಕರ್ಕೊಂಡ್ ಬನ್ನಿ, ಅಡ್ವಾನ್ಸ್ ವಾಪಸ್ ಕೊಡ್ತೀನಿ" ಅಂದರು.

ಬಂದು ಅದನ್ನು ಹೇಳಿದಾಗ ಮತ್ತೆ ಎದ್ದ ನಮ್ಮ ಕೂಗಾಟ ಮೇಲಿನವರೆಗೆ ಕೇಳಿತು. ಭಾಯಿಯ ಹೆಂಡತಿ ಇಳಿದು ಬಂದು, ಸೆರಗು ಹಿಡಿದು ನಿಂತು, ಮೆಲ್ಲಗೆ ಕೇಳಿದರು: "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಆ ಮನೆಗೆ ನಾವೇ ಹೋಗ್ಲಾ?"

ಹೋದರು. ಸಾಮಾನು ಆಟೋಗೆ ತುಂಬುವಾಗ ನನಗೆ ಅಳು ಬಂತು. ಒಳ್ಳೇ ಜನ. ಆಟೋ ಹತ್ತುವ ಮುಂಚೆ ಭಾಯಿ ನನ್ನ ಹತ್ತಿರ ಬಂದು ಕೈ ಮುಗಿದರು.

"ಅಕ್ಕಾ, ಮುಂದಿನ ವರ್ಷ ಆ ಓನರ್ ಬಾಡಿಗೆ ಏರ್ಸಕ್ಕೆ ಬಂದ್ರೆ ನಿಮ್ಮನ್ನೇ ಕರೀತೀನಿ. ಬಂದು ಸ್ವಲ್ಪ ಮಾತಾಡಿ."

"ಅದಕ್ಕೇನಂತೆ, ಬತ್ತೀನಿ ಬುಡಿ" ಅಂದೆ.