ನಲ್ಲಿಗೆ ಗಾಳಿ ಹಿಡಿದ ಯುಗಾದಿ

"ಈ ಯುಗಾದಿಗೆ ನಮ್ಮ ಮನೆಯಲ್ಲಿ ಯಾರೂ ಬಾವಿಯ ಹಗ್ಗ ಮುಟ್ಟಕೂಡದು!" ಎಂದು ಘೋಷಿಸಿದೆ. ಮೈಸೂರು ಅರಮನೆಯಿಂದ ಕೂಡ ಅಂಥ ಗತ್ತಿನ ಫರ್ಮಾನು ಹೊರಟಿರಲಾರದು. ಕಡೂರಿನ ಮಕ್ಕಳಿಗೆಲ್ಲ ನೀರು, ಗಾಳಿ, ಒತ್ತಡಗಳನ್ನು ಅರೆದು ಕುಡಿಸುವ ಸೈನ್ಸ್ ಮೇಷ್ಟ್ರು ನಾನು. ನನ್ನ ಹೆಂಡತಿ ಬಾವಿಯಲ್ಲಿ ನೀರು ಸೇದುವುದೇ? ಛೇ! ನಲ್ಲೆಗೊಂದು ನಲ್ಲಿ ಹಾಕಿಸದವನು ಎಂಥ ನಲ್ಲ?

ಒಳಗುಟ್ಟು ಬೇರೆಯೇ ಇತ್ತು. ಹಬ್ಬಕ್ಕೆ ಸಿಂಗಟಗೆರೆಯಿಂದ ನಮ್ಮತ್ತೆ ಕೆಂಚಮ್ಮನವರು ಬರುವವರಿದ್ದರು. ಮದುವೆಯಾದಾಗಿನಿಂದ ಅವರು ನನಗೆ ಕೊಟ್ಟಿದ್ದ ಬಿರುದು ಒಂದೇ: "ಕೈಲಾಗ್ದೋರು." ತೆಂಗಿನ ಮರ ಹತ್ತಲು ಬಾರದ ಅಳಿಯನನ್ನು ಅವರು ಗಂಡಸರ ಖಾತೆಗೇ ಸೇರಿಸಿರಲಿಲ್ಲ. ಈ ಸಲ ಆ ಬಿರುದನ್ನು ತೊಳೆದುಕೊಳ್ಳಲೇಬೇಕು ಎಂದು ಹಟ ಹಿಡಿದೆ.

ಮಾಳಿಗೆಯ ಮೇಲೆ ಪೀಪಾಯಿ ಕೂರಿಸಿ ನೀರು ತುಂಬಿಸಿದೆ. ಅಲ್ಲಿಂದ ರಬ್ಬರ್ ಪೈಪು. ಬಚ್ಚಲಮನೆಯಲ್ಲಿ ಹಂಡೆಯ ನೆತ್ತಿಗೆ ಸರಿಯಾಗಿ ಹಿತ್ತಾಳೆಯ ನಲ್ಲಿ! ನಡುವೆ ಒಂದು ಅಡ್ಡಗೋಡೆ. ಪೈಪು ಅದನ್ನು ಹತ್ತಿ ಇಳಿಯುವಲ್ಲಿ ಒಂಟೆಯ ಬೆನ್ನಿನ ಹಾಗೆ ಗೂನು ಬಂತು. ತಂತಿ ಕಟ್ಟಿ ನಿಲ್ಲಿಸಿದೆ.

"ಇದೇನ್ರೀ, ಪೈಪಿಗೂ ಗೂನು ಬೆನ್ನು?" ಎಂದಳು ಹೆಂಡತಿ ಸುಲೋಚನ.

"ನೀರಿಗೆ ದಾರಿ ಗೊತ್ತು ಕಣೇ. ನೀನು ಸುಮ್ನಿರು."

ಹಬ್ಬದ ಬೆಳಿಗ್ಗೆ ಅತ್ತೆ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ಬಳಿದುಕೊಂಡು ಬಚ್ಚಲಮನೆಯ ಬಾಗಿಲಲ್ಲಿ ಬಂದು ನಿಂತರು. ಬರಿ ಹಂಡೆಯ ಕೆಳಗೆ ಆಗಲೇ ಬೆಂಕಿ ಹಾಕಿಸಿದ್ದೆ. ಅಷ್ಟು ನಂಬಿಕೆ! "ನೋಡಿ ಅತ್ತೇ!" ಎಂದು ನಲ್ಲಿ ತಿರುಗಿಸಿದೆ.

ಬುಸ್... ಗೊಳಗೊಳ... ಪುರ್ರ್! ನಾಲ್ಕು ಹನಿ ಉದುರಿದವು. ಆಮೇಲೆ ಅದೂ ಇಲ್ಲ.

"ಏನಾತು ಅಳಿಯಂದ್ರೇ?"

"ಏನಿಲ್ಲ ಅತ್ತೇ, ನಲ್ಲಿಗೆ ಗಾಳಿ ಹಿಡ್ಕೊಂಡಿದೆ."

ಕೆಟ್ಟೆ! "ಪೈಪಿನಲ್ಲಿ ಏರ್ ಸೇರಿದೆ" ಎಂದಿದ್ದರೆ ಇಂಗ್ಲಿಷಿಗೆ ಹೆದರಿಯಾದರೂ ಸುಮ್ಮನಾಗುತ್ತಿದ್ದರು. ಅತ್ತೆ ಹಿಂದೆ ಸರಿದು ಪಿಸುಗುಟ್ಟಿದರು: "ಹೆಣ್ಣು ಗಾಳಿಯೋ, ಗಂಡು ಗಾಳಿಯೋ?"

"ಗಾಳೀಲಿ ಹೆಣ್ಣು ಗಂಡು ಎಲ್ಲಿ ಬರತ್ತೆ? ಅದು ಎಲ್ಲಾ ಕಡೆ ಇರತ್ತೆ. ಈಗ ನಿಮ್ಮೊಳಗೂ ಇದೆ!"

"ಅಯ್ಯೋ ಶಿವನೇ!" ಎಂದು ಅತ್ತೆ ಹಿತ್ತಲಿಗೆ ಓಡಿ, ಪಕ್ಕದ ಮನೆಯ ಅಂಜಿನಪ್ಪನನ್ನು ಗೋಡೆಯಾಚೆಯಿಂದಲೇ ಕೂಗತೊಡಗಿದರು. ಈ ಅಂಜಿನಪ್ಪ ದೆವ್ವ ಬಿಡಿಸುವುದರಲ್ಲಿ ಕಡೂರಿಗೇ ಎತ್ತಿದ ಕೈ.

"ರೀ, ಹಂಡೆ ಕಾದು ಕೆಂಪಾಗ್ತಿದೆ. ಎರಡು ಕೊಡ ಸೇದ್ಕೊಂಡು ಬರ್ಲಾ?" ಎಂದಳು ಸುಲೋಚನ.

"ಹಗ್ಗ ಮುಟ್ಟಿದ್ರೆ ನನ್ನಾಣೆ! ಆ ಗೂನಲ್ಲಿ ಗಾಳಿ ಸಿಕ್ಕೊಂಡಿದೆ, ಅಷ್ಟೇ. ಬಾಯಲ್ಲಿ ಎಳೆದು ತೆಗೀತೀನಿ ನೋಡು."

ಬಗ್ಗಿ ನಲ್ಲಿಗೆ ಬಾಯಿ ಹಚ್ಚಿ ಎಳೆದೆ. ಬರಲಿಲ್ಲ. ಊದಿದೆ. ಹೋಗಲಿಲ್ಲ. ಕಣ್ಣುಗುಡ್ಡೆ ಹೊರಬಂತು, ಕೆನ್ನೆ ಉಬ್ಬಿತು, ಗಂಟಲಿನಿಂದ ಗೊಳಗೊಳ ಸದ್ದು ಹೊರಟಿತು. ಸರಿಯಾಗಿ ಅದೇ ಹೊತ್ತಿಗೆ ಹಬ್ಬಕ್ಕೆ ಕಡಿದಿಟ್ಟ ಬೇವಿನ ಸೊಪ್ಪು ಹಿಡಿದು ಅಂಜಿನಪ್ಪ ಒಳಗೆ ಬಂದುಬಿಟ್ಟ.

"ತಡವಾತು ಕಣವ್ವಾ! ನಲ್ಲಿ ಬಿಟ್ಟು ಮೇಷ್ಟ್ರ ಮೈಗೆ ಬಂದ್ಬಿಟ್ಟೈತೆ!"

ಬಿತ್ತು ನೋಡಿ ಬೆನ್ನಿಗೆ, ಬೇವಿನ ಬಡಿತ!

"ಯಾರು ನೀನು? ಹೇಳ್ತೀಯೋ ಇಲ್ವೋ?"

"ಲೇ, ನಾನು ಕಣೋ, ತೀರ್ಥಪ್ಪ! ಮೇಷ್ಟ್ರು!"

"ಕೇಳಿದ್ರೇನವ್ವಾ? ಮೇಷ್ಟ್ರ ಗಾಳಿ! ಓದಿರೋ ಗಾಳಿ, ಸುಲಭಕ್ಕೆ ಬಿಡಾಕಿಲ್ಲ!"

"ಅಂಜಿನಪ್ಪಾ, ಅದು ಬರೀ ಗಾಳಿ ಕಣೋ! ಆಕ್ಸಿಜನ್! ನೈಟ್ರೋಜನ್!"

"ಜೊತೆಗೆ ಇನ್ನೂ ಇಬ್ರು ಅವ್ರೆ!" ಎಂದು ಅವನು ಏಟು ಜೋರು ಮಾಡಿದ.

ಸುಲೋಚನಳ ಕಡೆ ನೋಡಿದೆ. ಅವಳಿಗೆ ಎಲ್ಲ ಗೊತ್ತು! ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೆರಗು ಬಾಯಿಗೆ ತುರುಕಿಕೊಂಡು ಅವಳು ನಗುತ್ತಿದ್ದಳು! ಉರಿ ತಾಳಲಾರದೆ ಎಗರಿ ಪೈಪಿಗೆ ಜೋತುಬಿದ್ದೆ. ತಂತಿ ಕಿತ್ತುಬಂತು, ಗೂನು ಕುಸಿಯಿತು, ನಲ್ಲಿ ಒಮ್ಮೆ ಜೋರಾಗಿ ಕೆಮ್ಮಿ, ಧೋ ಎಂದು ಹಂಡೆಗೆ ನೀರು ಸುರಿಸತೊಡಗಿತು.

"ಬಿಡ್ತು!" ಎಂದ ಅಂಜಿನಪ್ಪ. ಅತ್ತೆ ಅವನಿಗೆ ತಟ್ಟೆ ತುಂಬ ಹೋಳಿಗೆ ಕೊಟ್ಟು ಕೈಮುಗಿದರು. ನಾನು ತಂದ ನೀರು, ಅವನಿಗೆ ಹೋಳಿಗೆ! ನಾನು ಮೂಲೆಯಲ್ಲಿ ಕೂತು ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೆ.

ಎಣ್ಣೆಸ್ನಾನ ಮುಗಿಸಿ ಬಂದ ಅತ್ತೆ ನನ್ನನ್ನು ಕಂಡು ಕಣ್ಣೀರು ಒರೆಸಿಕೊಂಡರು. ಮದುವೆಯಾದಮೇಲೆ ಮೊದಲ ಸಲ ಅವರ ದನಿಯಲ್ಲಿ ಅಕ್ಕರೆ ಕೇಳಿ ನನ್ನ ಎದೆ ತುಂಬಿಬಂತು.

"ಇಷ್ಟು ವರ್ಷ ಅಳಿಯಂದ್ರನ್ನ ಕೈಲಾಗ್ದೋರು ಅಂತ ಅಂದ್ಬಿಟ್ಟೆ ಕಣೇ ಸುಲೋಚನಾ. ಪಾಪ, ಅವರದೇನು ತಪ್ಪು? ಗಾಳಿ ಇತ್ತು!"

ಸುಲೋಚನ ನನ್ನ ಬೆನ್ನು ಸವರುತ್ತಲೇ ಅಂದಳು: "ಹಳೇ ಗಾಳಿ ಕಣಮ್ಮಾ, ಒಂದೇ ಸಲಕ್ಕೆ ಬಿಡಲ್ಲ. ಅಂಜಿನಪ್ಪಂಗೆ ನಾಳೆನೂ ಬರಕ್ಕೆ ಹೇಳು."