ಟೈಲರಮ್ಮನ ಅಳತೆ ಪುಸ್ತಕ

ಹೆಂಡತಿಗೆ ಉಪಕಾರ ಮಾಡಬೇಕೆಂಬ ಸದ್ಬುದ್ಧಿ ಗಂಡಸರಿಗೆ ಅಪರೂಪಕ್ಕೆ ಬರುತ್ತದೆ. ಬಂದ ದಿನ ಮನೆಯಲ್ಲಿ ಏನಾದರೊಂದು ಅನಾಹುತ ತಪ್ಪಿದ್ದಲ್ಲ. ನಮ್ಮ ಪೋಸ್ಟಣ್ಣನಿಗೆ ಅದು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ.

ಪೋಸ್ಟಣ್ಣ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಒಂದೇ ಒಂದು ಕಾಗದವೂ ತನ್ನ ಕೈಯಿಂದ ತಪ್ಪು ವಿಳಾಸಕ್ಕೆ ಹೋಗಿಲ್ಲವೆಂಬುದು ಅವನ ಹೆಮ್ಮೆ. ಹೆಂಡತಿ ಟೈಲರಮ್ಮ ಮುಂದಿನ ಕೋಣೆಯಲ್ಲಿ ಮಿಷನ್ನು ಹಾಕಿಕೊಂಡು ನಲವತ್ತು ಹೆಂಗಸರಿಗೆ ಬಟ್ಟೆ ಹೊಲಿಯುತ್ತ, ನಡುನಡುವೆ ಇವನಿಗೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಬೈಗುಳ ಎಲ್ಲವನ್ನೂ ಒದಗಿಸುತ್ತಿದ್ದಳು. ಅವಳ ಕಸುಬೆಲ್ಲ ಒಂದು ಹಳೆಯ ಅಳತೆ ಪುಸ್ತಕದಲ್ಲಿತ್ತು. ಅದು ಕಳೆದುಹೋದರೆ ಗತಿಯೇನು? ಫೋಟೊ ತೆಗೆದು ಅವಳ ಫೋನಿಗೆ ಕಳಿಸಿಬಿಟ್ಟರೆ? ತನ್ನ ಬುದ್ಧಿಗೆ ತಾನೇ ತಲೆದೂಗಿದ ಪೋಸ್ಟಣ್ಣ. ಅವಳು ಗುಂಡಿ, ದಾರ ತರಲು ಅಂಗಡಿಗೆ ಹೋಗಿದ್ದಳು. ಕನ್ನಡಕ ಎಲ್ಲಿದೆಯೆಂಬುದು ಅವಳಿಗೇ ಗೊತ್ತು. (ಇರಲಿ, ಫೋಟೊ ತೆಗೆಯುವುದು ಫೋನು ತಾನೇ?) ಪುಸ್ತಕ ಬಿಡಿಸಿ, ಎದುರುಬದುರು ಎರಡು ಪುಟ ಸೆರೆಹಿಡಿದು, 'ಟೈಲರಮ್ಮ' ಎಂದು ಮಸುಕಾಗಿ ಕಂಡಲ್ಲಿ ಒತ್ತಿ ಕಳಿಸಿಯೇಬಿಟ್ಟ.

ಟಿಣ್ ಎಂದಿತು ಫೋನು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರೆ, ಚಿತ್ರ ಹೋಗಿದ್ದು 'ಟೈಲರಮ್ಮನ ಗಿರಾಕಿಗಳು' ಎಂಬ ಗುಂಪಿಗೆ! ಬಟ್ಟೆ ಸಿದ್ಧವಾದ ಸುದ್ದಿ ಹಾಕಲೆಂದು ಇವನನ್ನು ಅದಕ್ಕೆ ಸೇರಿಸಿದವಳು ಅವಳೇ. ಪರದೆಯ ಹಿಂದೆ ಪಿಸುದನಿಯಲ್ಲಿ ಬರೆದುಕೊಂಡ ಅಳತೆಗಳು ಬೀದಿಗೆ ಬಿದ್ದ ಮೇಲೆ ಯಾವ ಹೆಂಗಸು ತಾನೇ ಇವಳ ಟೇಪಿಗೆ ಮೈಕೊಟ್ಟಾಳು?

ಅಳಿಸಲು ಹೋದರೆ ಫೋನು ಎರಡು ದಾರಿ ತೋರಿಸಿತು: ಎಲ್ಲರಿಗೂ ಅಳಿಸು, ನನಗೆ ಮಾತ್ರ ಅಳಿಸು. ತಪ್ಪು ತನ್ನದು, ಎಲ್ಲರಿಗೂ ಯಾಕೆ ತೊಂದರೆ ಎಂದು ಆ ಸಜ್ಜನ 'ನನಗೆ ಮಾತ್ರ' ಒತ್ತಿದ. ಚಿತ್ರ ಮಾಯವಾಯಿತು, ಪೋಸ್ಟಣ್ಣನಿಗೆ ಹೋದ ಜೀವ ಬಂತು. ಆದರೆ ಗುಂಪಿನಲ್ಲಿ ನಗುವ ಮುಖಗಳು ಒಂದರ ಹಿಂದೊಂದು ಬಂದು ಬಿದ್ದವು. 'ಅಯ್ಯೋ ಪಾಪ' ಎಂದಳು ನರ್ಸಮ್ಮ. 'ಪುಣ್ಯ ಮಾಡಿದ್ದಾರೆ' ಎಂದರು ಮುಖ್ಯೋಪಾಧ್ಯಾಯಿನಿ. ಯಾರು, ಏನು, ಒಂದೂ ತಿಳಿಯಲಿಲ್ಲ.

ಟೈಲರಮ್ಮ ಚಪ್ಪಲಿ ಬಿಡುವ ಮೊದಲೇ ತಪ್ಪೊಪ್ಪಿಕೊಂಡ.

"ಯಾವ ಪುಟಾರೀ?" ಅವಳ ಮುಖ ಬಿಳಿಚಿತು.

"ಕನ್ನಡಕ ಇರ್ಲಿಲ್ಲ ಕಣೇ."

"ತಲೆ ಮೇಲಿದೆ ನೋಡ್ಕೊಳ್ಳಿ!"

ತನ್ನ ಫೋನು ತೆಗೆದು ನೋಡಿದವಳು ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಡಪುಟದಲ್ಲಿ ಹೆಸರೇ ಇರಲಿಲ್ಲ. ಕೊಡೆ, ಬೀಗದ ಕೈ, ಏಣಿ, ಹೀಗೆ ಪುಟ್ಟ ಪುಟ್ಟ ಚಿತ್ರ, ಮುಂದೆ ಅಂಕಿ. ಯಾರು ಕೊಡೆ, ಯಾರು ಏಣಿ ಎಂಬುದು ಅವಳೊಬ್ಬಳಿಗೇ ಗೊತ್ತು.

"ಅಳತೆ ಅಂದ್ರೆ ಒಬ್ಬರ ಗುಟ್ಟು ಕಣ್ರೀ. ಹೆಸರು ಬರೀತಾರಾ?"

"ಎಷ್ಟು ಮುಂದಾಲೋಚನೆ ನಿಂದು!"

"ಮುಂದಾಲೋಚನೆ ಏನು ಬಂತು? ಮನೇಲಿ ನೀವಿದ್ದೀರಲ್ಲ."

ದೇವರು ದೊಡ್ಡವನು ಎಂದು ನಿಟ್ಟುಸಿರುಬಿಟ್ಟ ಪೋಸ್ಟಣ್ಣ ಕನ್ನಡಕ ಏರಿಸಿಕೊಂಡು ಬಲಪುಟ ಓದಿದ. 'ನಮ್ಮನೆಯವರು. ಸೊಂಟ: ಬಾಯಲ್ಲಿ ಮೂವತ್ತೆರಡು, ಟೇಪಿನಲ್ಲಿ ನಲವತ್ತು. ಹೊಸ ಪ್ಯಾಂಟಿಗೂ ಹಳೇ ಮೂವತ್ತೆರಡರ ಅಳತೆ ಚೀಟಿಯನ್ನೇ ಹೊಲಿಯುವುದು. ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ.'

ಮದುವೆಯಾದಾಗಿನ ಸೊಂಟ ಒಂದು ನೂಲೂ ಹೆಚ್ಚಿಲ್ಲವೆಂದು ಆತ ಕಾದು ಕೂತ ಗಿರಾಕಿಗಳಿಗೆಲ್ಲ ಉಪನ್ಯಾಸ ಕೊಟ್ಟಿದ್ದ. ಸಾಕ್ಷಿಗೆ ಚೀಟಿಯನ್ನೂ ತಿರುಗಿಸಿ ತೋರಿಸಿದ್ದುಂಟು. ಈಗ ನಾಚಿಕೆಯಿಂದ ಕಿವಿ ಕೆಂಪಾದವು. ಅದರ ಬೆನ್ನಿಗೇ ಕಣ್ಣು ತುಂಬಿ ಬಂತು. ಇಷ್ಟು ವರ್ಷ, ಅವನ ಒಣಜಂಬಕ್ಕೆ ಒಂದು ಗೀರೂ ಬೀಳದಂತೆ ಕಾಪಾಡಿಕೊಂಡು ಬಂದಿದ್ದಾಳಲ್ಲ! ಇಂಥವಳು ಸಿಕ್ಕಿದ್ದು ತನ್ನ ಏಳು ಜನ್ಮದ ಪುಣ್ಯವೆನ್ನಿಸಿತು.

"ನಿನ್ನ ಋಣ ಹೇಗೆ ತೀರಿಸ್ಲೇ?"

"ಇನ್ನೊಂದ್ಸಲ ತೀರಿಸೋಕೆ ಹೋಗ್ಬೇಡಿ, ಅಷ್ಟು ಸಾಕು."

ಅಷ್ಟರಲ್ಲಿ ಅವಳ ಫೋನು ಒಂದೇ ಸಮನೆ ಮೊಳಗತೊಡಗಿತು. ಮುಖ್ಯೋಪಾಧ್ಯಾಯಿನಿ, ನರ್ಸಮ್ಮ, ವಕೀಲರ ಹೆಂಡತಿ, ಸಂಜೆಯೊಳಗೆ ಹನ್ನೊಂದು ಮಂದಿ ಅವಳಿಗೆ ಗುಟ್ಟಾಗಿ ಬರೆದದ್ದು ಒಂದೇ ಮಾತು: 'ನಮ್ಮನೆಯವರಿಗೂ ಅಂಥದೇ ಚೀಟಿ ಹಾಕಿ ಒಂದು ಪ್ಯಾಂಟು ಹೊಲಿದು ಕೊಡ್ತೀರಾ?' ಟೈಲರಮ್ಮ ಪ್ಯಾಂಟು ಹೊಲಿದಳು, ಪೋಸ್ಟಣ್ಣ ಒಂದೊಂದು ಪ್ಯಾಂಟನ್ನೂ ಟೇಪಿನಲ್ಲಿ ಅಳೆದು ಸುಳ್ಳು ಚೀಟಿ ಹೊಲಿದ.

ಮುಂದಿನ ತಿಂಗಳು ಕ್ಷೌರದಂಗಡಿಯಲ್ಲಿ, ಹೊಸ ಪ್ಯಾಂಟು ತೊಟ್ಟ ವಕೀಲರು ಎಲ್ಲರೆದುರಿಗೆ ಪೋಸ್ಟಣ್ಣನ ಬೆನ್ನು ತಟ್ಟಿದರು.

"ಏನಣ್ಣಾ, ನಲವತ್ತನ್ನ ಮೂವತ್ತೆರಡು ಅಂದ್ಕೊಂಡು ಓಡಾಡ್ತಿದ್ರಂತೆ? ಹೆಂಡತಿ ಹೇಳಿದ್ದನ್ನೆಲ್ಲ ನಂಬ್ತೀರಾ? ನನ್ನ ನೋಡಿ. ಕಾಲೇಜಲ್ಲಿ ಮೂವತ್ನಾಲ್ಕು, ಇವತ್ತಿಗೂ ಮೂವತ್ನಾಲ್ಕು!"

ಅಂಗಡಿಯೆಲ್ಲ ಗೊಳ್ಳೆಂದು ನಕ್ಕಿತು. 'ನಲವತ್ತಮೂರು' ಎಂಬ ಮಾತು ಪೋಸ್ಟಣ್ಣನ ನಾಲಿಗೆಯ ತುದಿಗೆ ಬಂದು ಕುಣಿಯಿತು. ಅವನು ಅದನ್ನು ನುಂಗಿಕೊಂಡ.

"ಹೌದು ಸಾರ್," ಎಂದ, "ನೋಡಿದ್ರೇ ಗೊತ್ತಾಗುತ್ತೆ."