ಏಳು ಕೊಪ್ಪರಿಗೆ, ಒಂದು ಸರಪಳಿ

ನಿಧಿ ಹುಡುಕಲು ಹೋಗಿ ತಲೆ ಕೆಟ್ಟವರನ್ನು ನೀವು ಕಂಡಿರಬಹುದು. ನಿಧಿ ಇಲ್ಲ ಎಂದು ಸಾಧಿಸಲು ಹೋಗಿ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೀರಾ? ಇಲ್ಲವಾದರೆ ತಿ. ನರಸೀಪುರಕ್ಕೆ ಬನ್ನಿ, ನಮ್ಮ ದೊಡ್ಡಪ್ಪನನ್ನು ತೋರಿಸುತ್ತೇನೆ. ನಿವೃತ್ತಿಯಾದ ಮೇಲೆ ಬೇರೆಯವರು ವಾಕಿಂಗ್ ಹೋಗುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ನಮ್ಮ ದೊಡ್ಡಪ್ಪ ಹದಿನೈದು ವರ್ಷಗಳಿಂದ ಒಂದೇ ಕೆಲಸ ಹಿಡಿದಿದ್ದಾರೆ. ಊರಾಚೆ ಕಪಿಲಾ ಹೊಳೆಯಲ್ಲಿರುವ ಕೊಪ್ಪರಿಗೆ ತಿಟ್ಟು ಎಂಬ ನಡುಗಡ್ಡೆಯಲ್ಲಿ ನಿಧಿ ಇಲ್ಲ, ಇರಲಿಲ್ಲ, ಇರಲು ಸಾಧ್ಯವೂ ಇಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ತಿಳಿಹೇಳುವುದು! ಇಷ್ಟೇ ಶ್ರದ್ಧೆಯಿಂದ ಅವರು ನಿಧಿಯನ್ನೇ ಹುಡುಕಿದ್ದರೆ ಇಷ್ಟರಲ್ಲಿ ಎರಡಾದರೂ ಸಿಕ್ಕಿರುತ್ತಿದ್ದವು.

ದೊಡ್ಡಪ್ಪ ಜಮೀನು ಅಳೆಯುವ ಕೆಲಸದಲ್ಲಿದ್ದವರು, ಹಳಬರ ಬಾಯಲ್ಲಿ ಮೋಜಿಣಿದಾರರು. ಹೊಲಗದ್ದೆಗಳ ಮೇಲೆ ಕಬ್ಬಿಣದ ಸರಪಳಿ ಎಳೆದೂ ಎಳೆದೂ, ಅಳೆಯದೆ ಏನನ್ನೂ ನಂಬದ ಸ್ಥಿತಿಗೆ ಬಂದಿದ್ದಾರೆ. ನಾನು ನಂಜನಗೂಡಿನಿಂದ ರಸಬಾಳೆ ತಂದುಕೊಟ್ಟರೆ ಸುಲಿಯುವ ಮೊದಲು ಬೆರಳು ಹಿಡಿದು, "ಹೋದ ಸಲದ್ದು ಒಂದು ಬೆರಳು ಉದ್ದ ಇತ್ತು" ಅನ್ನುತ್ತಾರೆ. ನನಗೆ ನಿಶ್ಚಯವಾಗುವುದರಲ್ಲಿದ್ದ ಒಬ್ಬ ಹುಡುಗನ ಮನೆ ನೋಡಲು ಹೋಗಿದ್ದೆವು. ಅವರು ಉಪ್ಪಿಟ್ಟು ತರುವಷ್ಟರಲ್ಲಿ ಇವರು ಮನೆಯನ್ನು ಒಳಗೂ ಹೊರಗೂ ಹೆಜ್ಜೆ ಹಾಕಿ ಅಳೆದು, "ನಿಮ್ಮ ಗೋಡೆ ಪಕ್ಕದವರ ಜಾಗಕ್ಕೆ ಅರ್ಧ ಅಡಿ ಹೋಗಿದೆಯಲ್ಲ?" ಎಂದುಬಿಟ್ಟರು. ಆ ಸಂಬಂಧ ಉಪ್ಪಿಟ್ಟಿಗೇ ಮುಗಿಯಿತು. (ಹುಡುಗ ಅಷ್ಟೇನೂ ಚೆನ್ನಾಗಿರಲಿಲ್ಲ, ಬಿಡಿ.)

ಹಿತ್ತಲಲ್ಲಿ ಬಟ್ಟೆ ಒಣಗಿಸಲು ಎರಡು ಕಂಬ ನೆಟ್ಟುಕೊಡಿ ಎಂದು ದೊಡ್ಡಮ್ಮ ಆರು ತಿಂಗಳು ಗೋಗರೆದಿದ್ದರು. ಕೊನೆಗೊಂದು ದಿನ ಗುಂಡಿ ತೆಗೆದು ಮುಗಿಸಿದ ದೊಡ್ಡಪ್ಪ, "ಇದ್ದಿಲು ಎಲ್ಲಿ?" ಎಂದರು. ಅವರ ಕಾಲದ ಮೋಜಿಣಿಯವರು ಗಡಿಕಲ್ಲು ನೆಡುವಾಗ ಕಲ್ಲಿನ ಬುಡಕ್ಕೆ ಒಂದು ಬೊಗಸೆ ಇದ್ದಿಲು ಹಾಕುತ್ತಿದ್ದರಂತೆ. ಯಾರಾದರೂ ಕದ್ದು ಕಲ್ಲು ಸರಿಸಿದರೂ ಇದ್ದಿಲು ಮಣ್ಣಿನೊಳಗೆ ಕೊಳೆಯದೆ ಕೂತು ಸಾಕ್ಷಿ ಹೇಳುತ್ತದಂತೆ. "ರೀ, ಬಟ್ಟೆ ಕಂಬಾನ ಯಾರು ಬಂದು ಒತ್ತುವರಿ ಮಾಡ್ಕೋತಾರೆ?" ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು. ಇದ್ದಿಲು ಬಿದ್ದ ಮೇಲೆಯೇ ಕಂಬ ನಿಂತದ್ದು. ಇವತ್ತಿಗೂ ನಮ್ಮ ದೊಡ್ಡಮ್ಮನ ಸೀರೆಗಳು ದಾಖಲೆ ಸಮೇತ ಒಣಗುತ್ತವೆ.

ಇಷ್ಟೆಲ್ಲದರ ಹಿಂದೆ ಒಂದು ಹೆಮ್ಮೆ ಇತ್ತು. "ನನ್ನ ಸರ್ವೀಸಿನಲ್ಲಿ ಒಂದೇ ಒಂದು ಕಲ್ಲು ತಪ್ಪು ಜಾಗದಲ್ಲಿ ನೆಟ್ಟಿಲ್ಲ" ಎಂದು ಅವರು ಬಸ್ ಕಂಡಕ್ಟರನಿಗೂ ಹೇಳುತ್ತಿದ್ದರು, ಹಲ್ಲು ಕೀಳುವ ಡಾಕ್ಟರಿಗೂ ಹೇಳುತ್ತಿದ್ದರು. ಹಲ್ಲಿನ ಡಾಕ್ಟರು ಪಾಪ, ಇವರು ಬಾಯಿ ಮುಚ್ಚುವುದನ್ನೇ ಕಾಯುತ್ತಿದ್ದರು, ಮತ್ತೆ ತೆರೆಸಲು!

ಇನ್ನು ಆ ತಿಟ್ಟಿನ ವಿಚಾರ. ನಿಧಿ ಇರುವ ದ್ವೀಪ ಅಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ದಡದಲ್ಲಿ ನಿಂತು ಸ್ವಲ್ಪ ಜೋರಾಗಿ ಸೀನಿದರೆ ಅಲ್ಲಿರುವ ಕೊಕ್ಕರೆ ಹಾರಿಹೋಗುತ್ತದೆ, ಅಷ್ಟು ಹತ್ತಿರ. ಬೇಸಿಗೆಯಲ್ಲಿ ಮಂಡಿಯುದ್ದ ನೀರು. ನಾಲ್ಕು ಹೊಂಗೆಮರ, ಒಂದಷ್ಟು ಜೊಂಡು, ನಟ್ಟನಡುವೆ ಒಂದು ಕಲ್ಲು. ಕಲ್ಲಿನ ನೆತ್ತಿಯ ಮೇಲೆ ಕೆತ್ತಿದ ಒಂದು ಕೂಡುವ ಲೆಕ್ಕದ ಗುರುತು.

ನಿಧಿ ಇದೆ ಎನ್ನುವ ಪಕ್ಷದ ನಾಯಕ ಹರಿಗೋಲು ಸಿದ್ದಯ್ಯ. ಸೇತುವೆ ಆದಮೇಲೆ ಅವನ ಹರಿಗೋಲಿಗೆ ಗಿರಾಕಿಗಳಿಲ್ಲ. ಮೀನು ಹಿಡಿಯುವುದು, ಎಮ್ಮೆಗೆ ಹುಲ್ಲು ತರುವುದು, ಸೋಮವಾರ ತಿಟ್ಟಿಗೆ ಹೋಗಿ ಆ ಕಲ್ಲಿಗೆ ಹಾಲೆರೆಯುವುದು, ಉಳಿದ ಹೊತ್ತು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ದೊಡ್ಡಪ್ಪನ ಜೊತೆ ಜಗಳ. ನೀರು ಮಂಡಿಗೆ ಬಾರದಿದ್ದರೂ ತಿಟ್ಟಿಗೆ ಹರಿಗೋಲಿನಲ್ಲೇ ಹೋಗುತ್ತಾನೆ. ನಡೆದು ಹೋದರೆ ಮರ್ಯಾದೆ ಅಲ್ಲವಂತೆ.

ಅವನ ಪ್ರಕಾರ ಹಿಂದೆ ಯಾವನೋ ಪಾಳೇಗಾರ, ದಂಡು ಅಟ್ಟಿಸಿಕೊಂಡು ಬಂದಾಗ ಏಳು ಕೊಪ್ಪರಿಗೆ ಹೊನ್ನನ್ನು ಅಲ್ಲಿ ಹೂತುಹೋದ. ದೊಡ್ಡಪ್ಪ ಟೀ ಲೋಟ ಕೆಳಗಿಟ್ಟು ಪಾಟೀಸವಾಲಿಗೆ ಇಳಿಯುತ್ತಿದ್ದರು.

"ಏಳು ಕೊಪ್ಪರಿಗೆ ಹೊನ್ನು ಎಷ್ಟು ಭಾರ ಗೊತ್ತೇನಯ್ಯಾ? ಯಾವ ಹರಿಗೋಲು ತಡೆಯುತ್ತೆ?"

"ಒಂದೇ ಸಲ ಯಾಕಯ್ಯಾ ಓದಾನು? ಏಳ್ ಸಲ ಓಗವ್ನೆ."

"ದಂಡು ಬೆನ್ನ ಹಿಂದೇನೇ ಇತ್ತು ಅಂದೆ. ಏಳು ಸಲ ಹೋಗಿ ಬರೋ ತನಕ ಅವರು ಏನು ಮಾಡ್ತಿದ್ರು?"

"ಈಚೆ ದಡದಲ್ಲಿ ಕಾಯ್ತಾ ಕುಂತಿದ್ರು. ಇದ್ದುದ್ದು ಒಂದೇ ಅರಿಗೋಲು ಕಣಯ್ಯಾ!"

ಅಂಗಡಿಯವರೆಲ್ಲ ಹೋ ಎಂದು ನಗುತ್ತಿದ್ದರು. ದೊಡ್ಡಪ್ಪ ಸೋಲುತ್ತಿರಲಿಲ್ಲ. "ಏಳು ಹೆಡೆ ಸರ್ಪ ಕಾವಲಿದೆ ಅಂತೀಯಲ್ಲ, ಇಷ್ಟು ವರ್ಷದಲ್ಲಿ ಯಾರಿಗಾದರೂ ಕಚ್ಚಿದೆಯಾ?"

"ಯಾರೂ ಅಗೆಯಕ್ಕೆ ಓಗಿಲ್ವಲ್ಲ, ಅದ್ಕೇ ಕಚ್ಚಿಲ್ಲ."

"ನಿಧಿ ಸಿಕ್ಕಿದರೂ ಅದು ಸರ್ಕಾರಕ್ಕೆ ಸೇರೋದು, ತಿಳ್ಕೋ."

"ನಂಗೆ ಬ್ಯಾಡ ಕಣಯ್ಯಾ. ನಿಧಿ ಅದೆ ಅಂತ ನೀ ಒಪ್ಕೊ, ಸಾಕು."

ಎಷ್ಟೋ ಸಲ ಈ ಸಭೆಯನ್ನು ಬರಖಾಸ್ತು ಮಾಡಲು ಸಿದ್ದಯ್ಯನ ಹೆಂಡತಿ ಪುಟ್ಟತಾಯಮ್ಮನೇ ಬರಬೇಕಾಗುತ್ತಿತ್ತು. ಆಕೆ ಗಂಡನಿಗಿಂತ ಒಂದು ಕೈ ಮೇಲು. "ನಿಧಿ ಇರೋದು ದಿಟ ಕಣಪ್ಪ. ಆದ್ರೆ ಅದು ಇವ್ರ ಯೋಗದ್ದಲ್ಲ, ನನ್ ಯೋಗದ್ದು. ನನ್ನೂ ಒಂದ್ಸಲ ಆ ಕಲ್ತಾವ ಕರ್ಕೊಂಡೋಗು ಅಂದ್ರೆ ಈ ಗಂಡ್ಸು ನಾಳೆ, ನಾಳೆ ಅಂತದೆ" ಎಂದು ದೂರುತ್ತಿದ್ದಳು. ಮಳೆ ನಿಲ್ಲಲಿ, ನೀರಿಳಿಯಲಿ, ಭತ್ತದ ಕುಯ್ಲು ಮುಗಿಯಲಿ ಎಂದು ಸಿದ್ದಯ್ಯನ ಬಳಿ ಯಾವತ್ತೂ ಒಂದು ನೆಪ ಇರುತ್ತಿತ್ತು.

ನಾನು ಗಮನಿಸಿದ ಒಂದು ವಿಚಿತ್ರವೆಂದರೆ, ಹೊನ್ನು, ಹಾವು, ದಂಡು ಎಲ್ಲದಕ್ಕೂ ಉತ್ತರವಿದ್ದ ದೊಡ್ಡಪ್ಪನಿಗೆ ಕಲ್ಲಿನ ವಿಷಯಕ್ಕೆ ಮಾತ್ರ ಉತ್ತರವಿರಲಿಲ್ಲ. "ಅದೆಲ್ಲ ಇರ್ಲಿ, ಗುರುತಿನ ಕಲ್ಲ ಯಾರು ನೆಟ್ಟವ್ರು ಅದ್ನೇಳು?" ಎಂದು ಸಿದ್ದಯ್ಯ ಕೇಳಿದನೋ, ಇವರಿಗೆ ತಟ್ಟನೆ ದೊಡ್ಡಮ್ಮ ತರಲು ಹೇಳಿದ ಕೊತ್ತಂಬರಿ ಸೊಪ್ಪು ನೆನಪಾಗುತ್ತಿತ್ತು.

ಒಮ್ಮೆ ಮೈಸೂರಿನಿಂದ ಒಬ್ಬ ಮಹಾಶಯ ಲೋಹ ಪತ್ತೆ ಮಾಡುವ ಯಂತ್ರ ತಂದ. ಸಿದ್ದಯ್ಯನ ಹರಿಗೋಲಿನಲ್ಲಿ ನಾವೆಲ್ಲ ಹೋದೆವು. ಕಲ್ಲಿನಿಂದ ಸ್ವಲ್ಪ ಈಚೆ, ನೀರಿನಂಚಿನ ಮರಳಲ್ಲಿ ಯಂತ್ರ ಗುಂಯ್ ಎಂದಿತು. ಕೆದಕಿದರೆ ತುಕ್ಕು ಹಿಡಿದ ಒಂದು ಕಬ್ಬಿಣದ ಕಡ್ಡಿ, ತುದಿಯಲ್ಲಿ ಬಳೆಯಂತೆ ಬಗ್ಗಿಸಿದ ಹಿಡಿ. "ಪಾಳೇಗಾರ‍್ನ ಈಟಿ!" ಎಂದು ಸಿದ್ದಯ್ಯ ಕೂಗಿದ. ಒಂದು ಮೊಳವೂ ಇಲ್ಲದ ಆ ಈಟಿಯಲ್ಲಿ ಪಾಳೇಗಾರ ಹಲಸಿನ ತೊಳೆ ಕೂಡ ಚುಚ್ಚಲಾರ! ದೊಡ್ಡಪ್ಪ ಗಹಗಹಿಸಿ ನಗುತ್ತಾರೆ ಎಂದು ನಾನು ಕಾದೆ. ಅವರು ಆ ಕಡ್ಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, "ಬಿಸಿಲು ಜಾಸ್ತಿಯಾಯ್ತು, ಹೊರಡೋಣ" ಎಂದರು. ಅವತ್ತು ಮನೆಗೆ ಬಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಹೋದ ವರ್ಷ ಪುಟ್ಟತಾಯಮ್ಮ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಸಿದ್ದಯ್ಯ ಟೀ ಅಂಗಡಿಗೆ ಬರುವುದನ್ನು ಬಿಟ್ಟ. ದೊಡ್ಡಪ್ಪ ಒಬ್ಬರೇ ಬೆಂಚಿನ ಮೇಲೆ ಕೂತು, ನಿಧಿ ಇಲ್ಲ ಎಂದು ಯಾರಿಗೆ ಹೇಳಬೇಕೆಂದು ತಿಳಿಯದೆ ಟೀ ತಣ್ಣಗಾಗಿಸಿ ಕುಡಿಯುತ್ತಿದ್ದರು.

ಆ ಮಳೆಗಾಲ ಹೊಳೆ ತುಂಬಿ ತಿಟ್ಟು ಮುಳುಗಿತು. ನೀರಿಳಿದ ಮೇಲೆ ಒಂದು ಭಾನುವಾರ ನಾನು ದೊಡ್ಡಪ್ಪನ ಮನೆಯಲ್ಲಿದ್ದೆ. ಬೆಳಗಿನ ಇಡ್ಲಿಯ ಹೊತ್ತಿಗೆ ಸಿದ್ದಯ್ಯ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ.

"ಅಯ್ಯಾ, ಕಲ್ಲು ಉಳ್ಳಿ ಬಿದ್ದೋಗದೆ! ಬುಡ ಕಾಣ್ತದೆ. ನಾ ಮುಟ್ಟಿಲ್ಲ. ನೀ ಇಲ್ದೆ ಮುಟ್ಟುದ್ರೆ ಆಮೇಲೆ ಸುಳ್ಳು ಅಂತೀಯ. ಬಾ!"

ದೊಡ್ಡಪ್ಪನ ಕೈಯಲ್ಲಿದ್ದ ಇಡ್ಲಿ ತಟ್ಟೆಗೆ ಬಿತ್ತು. ಬರುವುದಿಲ್ಲ ಅನ್ನಲು ನೋಡಿದರು. ಸಿದ್ದಯ್ಯನ ಮುಖ ನೋಡಿ ಚಪ್ಪಲಿ ಮೆಟ್ಟಿದರು.

ಮೂವರೂ ಹರಿಗೋಲಿನಲ್ಲಿ ಹೋದೆವು. ಕಲ್ಲು ಮಗ್ಗುಲಾಗಿ ಬಿದ್ದಿತ್ತು. ಸಿದ್ದಯ್ಯ ಕೈಮುಗಿದು, ಮೊಣಕಾಲೂರಿ, ಗುಂಡಿಯ ಕೆಸರಿಗೆ ಕೈ ಹಾಕಿದ. ಮೊದಲ ಬೊಗಸೆ ಕೆಸರು. ಎರಡನೇ ಬೊಗಸೆಯಲ್ಲಿ ಬಂದದ್ದು ಕಪ್ಪಗೆ, ತುಂಡು ತುಂಡಾಗಿ, ಇದ್ದಿಲು.

ನನಗೆ ಹಿತ್ತಲ ಬಟ್ಟೆ ಕಂಬ ನೆನಪಾಯಿತು. ದೊಡ್ಡಪ್ಪನ ಕಡೆ ತಿರುಗಿದೆ. ಅವರು ನನ್ನನ್ನು ನೋಡಲೇ ಇಲ್ಲ. ಹದಿನೈದು ವರ್ಷದ ವಾದವನ್ನು ಒಂದೇ ಮಾತಿನಲ್ಲಿ ಗೆಲ್ಲಬಹುದಿತ್ತು. ಆದರೆ ಆ ಒಂದು ಮಾತು ಹೇಳಿದರೆ, ಒಂದು ಕಲ್ಲೂ ತಪ್ಪಿಲ್ಲ ಎಂಬ ಅವರ ಜನ್ಮದ ಹೆಮ್ಮೆ ಅಲ್ಲೇ ಹೊಳೆಪಾಲಾಗುತ್ತಿತ್ತು.

ಸಿದ್ದಯ್ಯ ಅಳುತ್ತಿದ್ದ. ಯೋಗ ಇಲ್ಲದವರ ಕೈ ತಾಗಿದರೆ ನಿಧಿ ಇದ್ದಿಲಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ.

"ಅವ್ಳುದ್ದೇ ಯೋಗ ಕಣಯ್ಯಾ. ಬಡ್ಕೊಂಡ್ಲು, ಕರ್ಕೊಂಡೋಗು ಕರ್ಕೊಂಡೋಗು ಅಂತ. ಇಷ್ಟು ದೂರ! ಇಷ್ಟು ದೂರ ಕರ್ಕೊಂಬರ‍್ಲಿಲ್ವಲ್ಲ ನಾನು. ಅವ್ಳು ಓದ್ಲು, ಒನ್ನೆಲ್ಲ ಇದ್ದಿಲಾಗೋಯ್ತು. ನಾನೇ ಮಾಡ್ದೆ ಇದ್ನ."

ಆ ಇದ್ದಿಲನ್ನು ಅವನು ಎದೆಗೆ ಒತ್ತಿಕೊಂಡು ಕೂತಿದ್ದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ದೊಡ್ಡಪ್ಪ ನಿಧಾನವಾಗಿ ಅವನ ಪಕ್ಕ ಕೆಸರಿನಲ್ಲೇ ಕೂತರು. ಇಸ್ತ್ರಿ ಮಾಡಿದ ಪಂಚೆ!

"ನೀನಲ್ಲ ಕಣಯ್ಯಾ ಮಾಡಿದ್ದು. ನಾನು" ಎಂದರು. "ಆ ಇದ್ದಿಲು ಹಾಕಿದೋನು ನಾನು. ಈ ಕಲ್ಲು ನೆಟ್ಟೋನೂ ನಾನೇ."

ಸಿದ್ದಯ್ಯ ಇದ್ದಿಲನ್ನು ಎದೆಯಿಂದ ಈಚೆ ತೆಗೆದು ನೋಡಿದ.

"ಕೆಲಸಕ್ಕೆ ಸೇರಿದ ಹೊಸತು. ಆ ಬೇಸಿಗೆ ಹೊಳೆ ಬತ್ತಿ ಇಲ್ಲೀವರೆಗೂ ಬರೀ ಮರಳು. ಒಂದೊಂದು ಸರಪಳಿ ಅಳೆದಾಗಲೂ ಒಂದು ಕಡ್ಡಿ ಚುಚ್ಚಬೇಕು, ಹಿಂದೆ ಬರೋನು ಕಿತ್ತುಕೊಂಡು ಎಣಿಸಬೇಕು. ಒಂದು ಕಡ್ಡಿ ಮರಳಲ್ಲೇ ಬಿಟ್ಟುಹೋಯ್ತು. ಲೆಕ್ಕ ಒಂದು ಕಡಿಮೆ ಬಂತು, ನಾನು ಒಂದು ಸರಪಳಿ ಮುಂದೆ ಬಂದು ಕಲ್ಲು ನೆಟ್ಟೆ. ನೀನು ಈಟಿ ಅಂದೆಯಲ್ಲ, ಅದೇ ಆ ಕಡ್ಡಿ, ಹೊಳೆ ಇಲ್ಲಿಗೆ ತಂದು ಹಾಕಿತ್ತು. ಮಾರನೇ ದಿನ ತಪ್ಪು ಗೊತ್ತಾಯ್ತು, ಸರಿಯಾದ ಜಾಗದಲ್ಲಿ ಬೇರೆ ಕಲ್ಲು ನೆಟ್ಟೆ. ಇದನ್ನ ಕೀಳೋಕೆ ಆಳಿರಲಿಲ್ಲ. ಆಮೇಲೆ ಹೇಳೋಕೆ ಮುಖ ಇರಲಿಲ್ಲ."

"ನೀವು ಎಣಿಕೆ ತಪ್ಪಿದ್ರಾ?" ಎಂದೆ ನಾನು. ನಂಬಲಾಗಲಿಲ್ಲ, ಏನು ಮಾಡಲಿ?

"ಅಳತೆಯ ಹಿಂದಿನ ದಿನ ಹೆಣ್ಣು ನೋಡೋಕೆ ಕಳಲೆಗೆ ಹೋಗಿ ನಿಮ್ಮ ದೊಡ್ಡಮ್ಮನ್ನ ನೋಡಿಕೊಂಡು ಬಂದಿದ್ದೆ" ಎಂದರು ದೊಡ್ಡಪ್ಪ, ಹೊಳೆ ನೋಡುತ್ತಾ. "ಎಲ್ಲಿ ಎಣಿಕೆ ಮೇಲೆ ಗಮನ ಇರುತ್ತೆ?"

ಸಿದ್ದಯ್ಯ ಕೈಯಲ್ಲಿದ್ದ ಇದ್ದಿಲನ್ನು ಗುಂಡಿಗೆ ಸುರಿದ. ಆಮೇಲೆ ಕಣ್ಣೊರೆಸಿಕೊಂಡ. ಮುಖವೆಲ್ಲ ಮಸಿಯಾಯಿತು.

"ಅಂಗಾರೆ ಕಲ್ಲು ಇರ‍್ಬೇಕಾದ್ದು ಎಲ್ಲಯ್ಯಾ?"

"ಅಗೋ, ಆ ದಡದಲ್ಲಿ. ನೀನು ಹರಿಗೋಲು ಕಟ್ಟೋದು ಆ ಕಲ್ಲಿಗೇ."

ನಾವು ಮೂವರೂ ಅತ್ತ ನೋಡಿದೆವು. ಹರಿಗೋಲು ಕಟ್ಟುವ ಗಿಡ್ಡ ಕಲ್ಲು, ಅದರ ಪಕ್ಕದಲ್ಲೇ ನುಣ್ಣಗೆ ಸವೆದ ಒಂದು ಚಪ್ಪಡಿ. ಮದುವೆಯಾಗಿ ಬಂದ ಲಾಗಾಯ್ತು ಪುಟ್ಟತಾಯಮ್ಮ ಬಟ್ಟೆ ಒಗೆಯುತ್ತಿದ್ದ ಚಪ್ಪಡಿ.

ಸಿದ್ದಯ್ಯ ಎದ್ದು ನಿಂತ. "ಕಲ್ಲು ಎಲ್ಲಿರ‍್ಬೇಕೋ ನಿಧಿ ಅಲ್ಲೇ ತಾನೆ ಇರೋದು? ಅವ್ಳು ದಿನಾ ಅದ್ರ ಮ್ಯಾಲೇ ನಿಂತಿದ್ಲು ಕಣಯ್ಯಾ! ನಾ ಎಲ್ಗೂ ಕರ್ಕೊಂಬರ‍್ಬೇಕೇ ಇರ‍್ಲಿಲ್ಲ. ಅವ್ಳು ಅಲ್ಲೇ ಇದ್ಲು!"

ಈ ವಾದದಲ್ಲಿ ಎಷ್ಟು ತೂತುಗಳಿವೆ ಎಂದು ನನಗೇ ಕಾಣುತ್ತಿತ್ತು. ದೊಡ್ಡಪ್ಪನಿಗೆ ಕಾಣದೆ ಇರುತ್ತದೆಯೇ? ಅವರು ಒಂದು ಕಣ್ಣು ಮುಚ್ಚಿ, ನೇರ ಗೆರೆ ಹಿಡಿದು ನೋಡುವವರ ಹಾಗೆ, ಆ ಚಪ್ಪಡಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಅಳತೆ ಸರಿಯಾಗಿದೆ ಕಣಯ್ಯಾ" ಎಂದರು.